ರಂಪೆ ಎಲೆ ನಮ್ಮ ಹಿತ್ತಲಿಗೆ ಬಂದ ದಾರಿ

ಹೋದ ವರ್ಷ ಸುಳ್ಯ ಕಡೆಯ ಒಂದು ರಬ್ಬರ್ ಕಾಲೊನಿಗೆ ಸುದ್ದಿಗೆಂದು ಹೋಗಿದ್ದೆ. ಮಕ್ಕಳಿಗೆ ಜಾತಿ ಪ್ರಮಾಣಪತ್ರ ಸಿಗದೆ ಅಲೆಯುತ್ತಿದ್ದ ಕುಟುಂಬಗಳ ವಿಷಯ. ಮಾತು ಮುಗಿಯುವಾಗ ಮಧ್ಯಾಹ್ನವಾಗಿತ್ತು. "ಊಟ ಮಾಡ್ಕೊಂಡೇ ಹೋಗು ತಂಬಿ" ಅಂದರು ಆ ಮನೆಯ ಅಜ್ಜಿ. ಬಡಿಸಿದ್ದು ರೇಷನ್ ಅಕ್ಕಿಯ ಅನ್ನ. ಘಮ ಮಾತ್ರ ಗಂಧಸಾಲೆ ಅಕ್ಕಿಯದು!

ಕೇಳಿದ್ದಕ್ಕೆ ಹಿತ್ತಲಿಗೆ ಕರೆದುಕೊಂಡು ಹೋದರು. ಪಾತ್ರೆ ತೊಳೆದ ನೀರು ಹರಿಯುವ ಜಾಗದಲ್ಲಿ ಕತ್ತಿಯಂಥ ಉದ್ದನೆಯ ಎಲೆಗಳ ಗಿಡ. "ಇದು ರಂಪೆ. ಸಿಲೋನಿನಲ್ಲಿ ಒಗ್ಗರಣೆಗೆ ಕರಿಬೇವಿನ ಜೊತೆ ಇದೂ ಬೀಳಬೇಕು" ಅಂದರು.

ರಂಪೆಗೆ ಮಲಯ ಭಾಷೆಯಲ್ಲಿ ಪಂಡನ್ ಎಂದು ಹೆಸರು. ಮಲೇಷ್ಯಾದಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸುವ ನಾಸಿ ಲೆಮಾಕ್ ಅನ್ನಕ್ಕೆ ಇದೇ ಎಲೆ ಬೇಕು. ಥಾಯ್ಲೆಂಡಿನಲ್ಲಿ ಕೋಳಿ ತುಂಡುಗಳನ್ನು ಇದರಲ್ಲಿ ಸುತ್ತಿ ಕರಿಯುತ್ತಾರೆ. ಕರಾವಳಿಯಲ್ಲಿ ನಾವು ಮೂಡೆ ಕಟ್ಟುವ ಎಲೆಯೂ, ಮುಡಿಗೇರುವ ಕೇದಗೆಯೂ ಇದರ ನೆಂಟರೇ. ಕೇದಗೆಯಲ್ಲಿ ಘಮ ಇರುವುದು ಹೂವಿಗೆ, ರಂಪೆಯಲ್ಲಿ ಎಲೆಗೆ.

ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿದ್ದ ರಂಫಿಯಸ್ ಎಂಬಾತ ಆ ಭಾಗದ ಗಿಡಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. 1670ರಲ್ಲಿ ಕಣ್ಣು ಹೋದರೂ ಕೆಲಸ ಬಿಡಲಿಲ್ಲ. ಅವನು ಸತ್ತದ್ದು 1702ರಲ್ಲಿ, ಗ್ರಂಥ ಅಚ್ಚಾಗತೊಡಗಿದ್ದು 1741ರಲ್ಲಿ. ರಂಪೆಗೆ ಇಂದಿನ ಶಾಸ್ತ್ರೀಯ ಹೆಸರು ಪಾಂಡಾನಸ್ ಅಮರಿಲಿಫೋಲಿಯಸ್. ಅದನ್ನು ಇಟ್ಟವನು ಕಲ್ಕತ್ತಾ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ರಾಕ್ಸ್‌ಬರ್ಗ್. ಅವನ ಪುಸ್ತಕವೂ ಅವನು ಸತ್ತ ಮೇಲೆ, 1832ರಲ್ಲಿ ಪೂರ್ತಿ ಹೊರಬಂತು. 1980ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿಗಳು ಬಾಸ್ಮತಿಯಂಥ ಅಕ್ಕಿಯ ಘಮಕ್ಕೂ ಈ ಎಲೆಯ ಘಮಕ್ಕೂ ಕಾರಣ ಒಂದೇ ಪದಾರ್ಥ ಎಂದು ಕಂಡುಕೊಂಡರು. ನಮ್ಮಲ್ಲಿ ಕೆಲವರು ಇದನ್ನು ಬಾಸ್ಮತಿ ಗಿಡ ಅನ್ನುವುದು ಸುಮ್ಮನೆ ಅಲ್ಲ.

ಈ ಗಿಡ ಹೂ ಬಿಡುವುದೇ ಬಲು ಅಪರೂಪ. ಬೀಜದಿಂದ ಬೆಳೆಸೋಣ ಎಂದರೆ ಬೀಜವೇ ಸಿಗದು. ಬುಡದ ಕಂದು ಕಿತ್ತು ಒಬ್ಬರು ಇನ್ನೊಬ್ಬರಿಗೆ ಕೊಟ್ಟರಷ್ಟೇ ಉಂಟು. ಅಂದರೆ ಇವತ್ತು ಎಲ್ಲೇ ಒಂದು ರಂಪೆ ಗಿಡ ಇರಲಿ, ಅದರ ಹಿಂದೆ ಕೊಟ್ಟ ಕೈಗಳ ಸಾಲೇ ಇದೆ. ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ.

ಅಜ್ಜಿಯ ಹಿರಿಯರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಟೀ ತೋಟಕ್ಕೆ ಹೋದವರು. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಜನರನ್ನು ಕರೆಸಿಕೊಳ್ಳಲು ಭಾರತ ಒಪ್ಪಿತು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

"ಬರುವಾಗ ಗಿಡ ತಂದ್ರಾ ಅಜ್ಜಿ?"

"ಎಲ್ಲಿಂದ? ಎರಡು ಪೆಟ್ಟಿಗೆ, ಮೂರು ಮಕ್ಕಳು. ಗಿಡ ಹಿಡ್ಕೊಳ್ಳೋಕೆ ಕೈ ಎಲ್ಲಿತ್ತು? ಬಂದು ಎಷ್ಟೋ ವರ್ಷದ ಮೇಲೆ ಕೇರಳದ ಒಬ್ಬರ ಮನೆಯಲ್ಲಿ ನೋಡಿದೆ. ಎಲೆ ಮುರಿದು ಮೂಸಿದವಳು ಅಲ್ಲೇ ಕೂತು ಅತ್ತುಬಿಟ್ಟೆ. ಅವರೇ ಒಂದು ಕಂದು ಕೊಟ್ಟರು."

ಅಲ್ಲಿಯವರೋ ಇಲ್ಲಿಯವರೋ ಎಂದು ಮೊಮ್ಮಕ್ಕಳ ಕಾಲಕ್ಕೂ ಕಾಗದ ಕೇಳುತ್ತಿದ್ದಾರೆ. ಆ ಗಿಡವನ್ನು ಯಾರೂ ಏನೂ ಕೇಳಲಿಲ್ಲ.

ಹೊರಡುವಾಗ ನನಗೂ ಒಂದು ಕಂದು ಸಿಕ್ಕಿತು. ಬಚ್ಚಲ ನೀರು ಹೋಗುವ ಕಡೆ, ಅರೆ ನೆರಳಿನಲ್ಲಿ ನೆಟ್ಟೆ. ನೀರು ನಿಲ್ಲಬಾರದು, ಮಣ್ಣು ಒಣಗಲೂ ಬಾರದು, ಅಷ್ಟೆ. ಎರಡು ಹಸಿ ಎಲೆ ತೊಳೆದು, ಗಂಟು ಕಟ್ಟಿ, ಅನ್ನದ ನೀರು ಕುದಿಯುವಾಗ ಹಾಕಿ. ಬೆಂದ ಮೇಲೆ ತೆಗೆದುಬಿಡಿ. ಪಾಯಸಕ್ಕೂ ಹೀಗೆಯೇ.

ಈಗ ನನ್ನ ಗಿಡದ ಬುಡದಲ್ಲಿ ಮೂರು ಕಂದು ಎದ್ದಿವೆ. ಒಂದನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟೆ, ಅಜ್ಜಿಯ ಕಥೆಯನ್ನೂ ಹೇಳಿದೆ. ನಿಮ್ಮ ಹಿತ್ತಲಲ್ಲೂ ಈ ಗಿಡ ಇದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಕಂದು ಕೊಟ್ಟವರು ಯಾರು ಅಂತ.