ಸೂಜಿ, ಚರ್ಮ ಮತ್ತು ಕಂಪ್ಯೂಟರ್

ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ನಮ್ಮ ಶಾಲೆಯಲ್ಲಿ ಈ ಸೂತ್ರ ಕಲಿತವರೆಲ್ಲ ‘ಸೂಜಿಯ ಮೊನೆ ಚೂಪಾಗಿರುವುದರಿಂದ ಸುಲಭವಾಗಿ ಚುಚ್ಚುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆದವರೇ. ಉತ್ತರ ಸರಿಯೇ. ಆದರೆ ಚರ್ಮದ ಮಟ್ಟಿಗೆ ಅದು ಅರ್ಧ ಉತ್ತರ. ಉಳಿದ ಅರ್ಧಕ್ಕೆ ದೊಡ್ಡ ಚರಿತ್ರೆಯೇ ಇದೆ.

1844ರಲ್ಲಿ ಡಬ್ಲಿನ್ನಿನ ವೈದ್ಯ ಫ್ರಾನ್ಸಿಸ್ ರಿಂಡ್ ಟೊಳ್ಳು ಸೂಜಿಯಿಂದ ಚರ್ಮದಡಿಗೆ ಔಷಧ ಸೇರಿಸಿದರು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಚಾರ್ಲ್ಸ್ ಪ್ರವಾಜ್ ಬೇರೆ ಬೇರೆಯಾಗಿ ಸಿರಿಂಜ್ ಬಳಸಿದರು. 1861ರಲ್ಲಿ ವಿಯೆನ್ನಾದ ಅಂಗರಚನಾ ವಿಜ್ಞಾನಿ ಕಾರ್ಲ್ ಲ್ಯಾಂಗರ್ ಶವಗಳ ಚರ್ಮವನ್ನು ದುಂಡನೆಯ ದಬ್ಬಳದಂಥ ಉಪಕರಣದಿಂದ ಚುಚ್ಚಿ ನೋಡಿದರು. ತೂತು ದುಂಡಗೆ ಉಳಿಯದೆ ಸೀಳಿನಂತೆ ಉದ್ದವಾಯಿತು. ಚರ್ಮ ಎಲ್ಲ ದಿಕ್ಕಿಗೂ ಒಂದೇ ಸಮನೆ ಬಿಗಿದುಕೊಂಡಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಲೆಕ್ಕದ ದಾರಿ ಬಂದದ್ದು ವಿಮಾನಗಳ ಕಡೆಯಿಂದ. 1956ರಲ್ಲಿ ಅಮೆರಿಕದ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರೆಕ್ಕೆಯಂಥ ರಚನೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. 1960ರಲ್ಲಿ ಕ್ಲಫ್ ಅದನ್ನು ‘ಫೈನೈಟ್ ಎಲಿಮೆಂಟ್’ ಎಂದು ಕರೆದರು. ಬಿ.ಇ. ಓದುವಾಗ ನಾನು ಉಕ್ಕಿನ ತೊಲೆಗಳಿಗೆ ಇದೇ ಲೆಕ್ಕ ಮಾಡಿದ್ದೇನೆ. ಆದರೆ ಚರ್ಮ ಉಕ್ಕಲ್ಲ. ಮೊದಮೊದಲು ಸುಲಭವಾಗಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಿರುಸಾಗುತ್ತದೆ. 1972ರಲ್ಲಿ ರೇಮಂಡ್ ಆಗ್ಡನ್ ರಬ್ಬರಿಗಾಗಿ ಬರೆದ ಸಮೀಕರಣ ಇಲ್ಲಿ ನೆರವಿಗೆ ಬಂತು.

2004ರಲ್ಲಿ ಕೇಂಬ್ರಿಡ್ಜಿನ ಶೆರ್ಗೋಲ್ಡ್ ಮತ್ತು ಫ್ಲೆಕ್ ಅದನ್ನೇ ಬಳಸಿ, ಚಪ್ಪಟೆ ತುದಿ ಚರ್ಮದಲ್ಲಿ ಉಂಗುರದಂತೆ ಬಿರುಕು ಮಾಡುತ್ತದೆ, ಚೂಪು ತುದಿ ಸೀಳು ಮಾಡಿ ಅದನ್ನು ಅಗಲಿಸುತ್ತಾ ಒಳಹೋಗುತ್ತದೆ ಎಂದು ವಿವರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಆಲಿಸನ್ ಒಕಾಮುರ ಮತ್ತು ಸಂಗಡಿಗರು ದನದ ಯಕೃತ್ತಿಗೆ ಸೂಜಿ ಚುಚ್ಚಿ, ಬಲವನ್ನು ಮೂರಾಗಿ ಬಿಡಿಸಿದರು: ತೂತಾಗುವ ಮುನ್ನ ಅಂಗಾಂಶ ತಗ್ಗುವಾಗಿನ ಪ್ರತಿರೋಧ, ಕತ್ತರಿಸುವ ಬಲ, ಸೂಜಿಯ ಮೈಗೆ ತಗಲುವ ಘರ್ಷಣೆ.

ನರ್ಸ್‌ಗಳು ತೋಳಿನ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು, ತಡಮಾಡದೆ ಚುಚ್ಚುವುದನ್ನು ನೀವೆಲ್ಲ ನೋಡಿದ್ದೀರಿ. ಸಡಿಲ ಚರ್ಮ ಸೂಜಿಯಡಿ ಹೆಚ್ಚು ತಗ್ಗುತ್ತದೆ, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ. ಅವರ ಕೈಗೆ ಗೊತ್ತಿದ್ದ ಈ ಮಾತಿಗೆ ಮಾದರಿಗಳು ಕಾರಣ ಕೊಟ್ಟವು.

ನನ್ನ ತಾಯಿ ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸೂಜಿ ದಪ್ಪವಾದರೆ ನೋವು, ತೀರಾ ಸಪೂರವಾದರೆ ಬಾಗುವ ಭಯ. ಯಾರನ್ನೂ ಚುಚ್ಚದೆ ಹತ್ತಾರು ಮೊನೆಗಳನ್ನು ಹೋಲಿಸಿ ನೋಡಲು ಕಂಪ್ಯೂಟರಿನಲ್ಲಿ ಸಾಧ್ಯ. ಆದರೆ ಚರ್ಮದ ಬಿಗಿತ ವಯಸ್ಸಿನಿಂದ ವಯಸ್ಸಿಗೆ, ಮೈಯ ಜಾಗದಿಂದ ಜಾಗಕ್ಕೆ ಬೇರೆ. ತಪ್ಪು ಅಳತೆ ಕೊಟ್ಟರೂ ಕಂಪ್ಯೂಟರ್ ತಕರಾರಿಲ್ಲದೆ ಚೆಂದದ ಚಿತ್ರ ತೋರಿಸುತ್ತದೆ. ಆದ್ದರಿಂದ ಲ್ಯಾಂಗರ್ ಅವರಂತೆ ಕೈಯಾರೆ ಅಳೆದು ನೋಡುವ ಕೆಲಸ ಇಂದಿಗೂ ತಪ್ಪಿಲ್ಲ.

ಇಂದು ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತಿರುವ ತಮ್ಮ ತಂಗಿಯರು ಆ ಸೂತ್ರವನ್ನು ಅಂಕಗಳಿಗಾಗಿ ಕಲಿಯಲಿ, ಅದು ಎಲ್ಲಿ ಸಾಲದೆಂದು ಗುರುಗಳನ್ನು ಕೇಳಲಿ. ಐವತ್ತು ತುಂಬಿದ ಶಾಲೆಗೆ ನನ್ನ ನಮನ.