ಗರಿಯೂ ಹೆಸರೂ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ, ಅಶೋಕನ ಹೆಸರನ್ನು ಹೊತ್ತ ಬ್ರಾಹ್ಮೀ ಶಾಸನವು 1915ರಲ್ಲಿ ಗಣಿ ಇಂಜಿನಿಯರಾದ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಮೇಲೆ, ಅನ್ಯತ್ರ ‘ದೇವಾನಾಂಪ್ರಿಯ’ನೇ ಮೊದಲಾದ ಬಿರುದುಗಳಿಂದ ಮಾತ್ರವೇ ಪರಿಚಿತನಾಗಿದ್ದ ಅರಸನು ಅಶೋಕನೇ ಎಂಬ ವಿದ್ವಾಂಸರ ಊಹೆಗೆ ಶಿಲೆಯ ಪ್ರಮಾಣವು ದೊರೆಯಿತು. ಅದೇ ಅರಸನು ಉತ್ತರದೇಶದಲ್ಲಿ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ಪಟ್ಟಾಭಿಷೇಕವಾಗಿ 26 ವರ್ಷ ಸಂದ ಬಳಿಕ ಅವಧ್ಯವೆಂದು ಸಾರಿದ ಜೀವಿಗಳ ಪಟ್ಟಿಯೊಂದಿದ್ದು, ಅದು ಶುಕಸಾರಿಕೆಗಳಿಂದ ಮೊದಲಾಗುತ್ತದೆ. ಗಿಳಿ, ಗೊರವಂಕ, ಚಕ್ರವಾಕಗಳನ್ನು ನಾವು ಬಲ್ಲೆವು. ನಂದೀಮುಖ, ಗೇಲಾಟಗಳು ಯಾವ ಹಕ್ಕಿಗಳೆಂಬುದರಲ್ಲಿ ಪಂಡಿತರು ಇಂದಿಗೂ ಏಕಾಭಿಪ್ರಾಯಕ್ಕೆ ಬಂದಿಲ್ಲ. ಕಲ್ಲಿನಲ್ಲಿ ಹೆಸರು ಉಳಿಯಿತು, ಗರಿ ಉಳಿಯಲಿಲ್ಲ.

ಇದರ ವಿಲೋಮವಾದ ವಿಪತ್ತು ಹಮ್ಮಿಂಗ್ ಬರ್ಡ್‌ಗಳಿಗೆ ಒದಗಿತು. ಅಮೆರಿಕ ಖಂಡಗಳಲ್ಲಲ್ಲದೆ ಬೇರೆಲ್ಲಿಯೂ ಇರದ ಈ ಕಿರುಹಕ್ಕಿಗಳ ಚರ್ಮಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಯೂರೋಪಿಗೆ ರಾಶಿರಾಶಿಯಾಗಿ ಸಾಗಿದುವು. ಬೊಗೊಟಾ ನಗರದಲ್ಲಿ 1909ರಲ್ಲಿ ಕೊಂಡ ಒಂದೇ ಒಂದು ಚರ್ಮವನ್ನು ಗೇರಿ ಗ್ರೇವ್ಸ್ ಎಂಬ ಪಕ್ಷಿಶಾಸ್ತ್ರಜ್ಞರು ಗರಿಗಳ ಬಣ್ಣ, ಬಾಲದ ಆಕಾರಗಳನ್ನು ಸೂಕ್ಷ್ಮವಾಗಿ ವಿವೇಚಿಸಿ 1993ರಲ್ಲಿ ಹೊಸ ಪ್ರಭೇದವೆಂದು ನಾಮಕರಣ ಮಾಡಿದರು. ಆದರೆ ಅದು ಪ್ರಭೇದವೋ ಸಂಕರವೋ ಎಂಬ ವಾದವು ಆಮೇಲೆಯೂ ನಡೆಯಿತು. ಆ ಹಕ್ಕಿ ಯಾವ ಬೆಟ್ಟದ್ದೆಂದು ಯಾರೂ ಬರೆದಿಡದೆ ಹೋದುದೇ ಈ ತೊಡಕಿಗೆ ಮೂಲ.

ನಮ್ಮಲ್ಲಿ ಹಮ್ಮಿಂಗ್ ಬರ್ಡ್ ಇಲ್ಲ. ಅದರ ರಕ್ತಸಂಬಂಧಿಯಲ್ಲದಿದ್ದರೂ ಅದರಂತೆಯೇ ಮಕರಂದವನ್ನು ಹೀರಿ ಬಾಳುವ ಸೂರಕ್ಕಿಯುಂಟು. ನೇರಳೆ ಸೂರಕ್ಕಿಯ ಗಂಡು ನೆರಳಿನಲ್ಲಿ ಬರಿಯ ಕರಿಯ ಹಕ್ಕಿ. ಬಿಸಿಲಿಗೆ ಹೊರಳಿತೆಂದರೆ ತಲೆಯು ನೀಲಹರಿತ, ಕೊರಳು ನೇರಳೆ. ಗರಿಯ ಎಳೆಗಳೊಳಗೆ ಪದರಪದರವಾಗಿ ಜೋಡಣೆಗೊಂಡ ಮೆಲನಿನ್ ಕಣಗಳ ಮೇಲೆ ಬೆಳಕು ಪ್ರತಿಫಲಿಸುವುದರಿಂದಲೇ ಈ ಹೊಳಪು. ಹಮ್ಮಿಂಗ್ ಬರ್ಡ್‌ನಲ್ಲಿ ಆ ಕಣಗಳೊಳಗೆ ಗಾಳಿಗುಳ್ಳೆಗಳಿರುವುದು ವಿಶೇಷ. ಸೂರಕ್ಕಿಯ ಕಂಕುಳ ಕುಚ್ಚಿನ ಹಳದಿಯಾದರೋ ನಿಜವಾದ ವರ್ಣದ್ರವ್ಯದ್ದಾದುದರಿಂದ, ಎತ್ತ ತಿರುಗಿಸಿದರೂ ಹಳದಿಯೇ. ಸಂತಾನಕಾಲವು ಕಳೆದೊಡನೆ ಗಂಡು ಈ ವೇಷವನ್ನು ಕಳಚಿ, ಗಂಟಲಿನ ನಡುವೆ ಕರಿಯ ಪಟ್ಟೆಯೊಂದನ್ನುಳಿದು ಹೆಣ್ಣಿನಂತೆಯೇ ಆಗುವುದು. ಆದುದರಿಂದ ತಿಥಿಯಿಲ್ಲದ ಗರಿಯು ಪರೀಕ್ಷಕನನ್ನು ವಂಚಿಸಬಲ್ಲುದು.

ಈ ಸತ್ಯವನ್ನು ಹಿಂದಿನ ಸಂಗ್ರಾಹಕರು ಬಲ್ಲವರಾಗಿದ್ದರು. ಭಾರತದ ಪಕ್ಷಿಗಳಿಗಾಗಿಯೇ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನು ನಡೆಯಿಸಿದ ಎ. ಓ. ಹ್ಯೂಮರು 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಸಂಗ್ರಹವು ಚರ್ಮ, ಮೊಟ್ಟೆಗಳು ಸೇರಿ ಸುಮಾರು 82,000. ರಾಯಚೂರು ಜಿಲ್ಲೆಯನ್ನೊಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ಸಲೀಂ ಅಲಿಯವರು 1931-32ರಲ್ಲಿ ಕೈಕೊಂಡರು. ಚರ್ಮದ ಕಾಲಿಗೆ ಚೀಟಿಯನ್ನು ಕಟ್ಟಿ ಊರು, ದಿನಾಂಕ, ಲಿಂಗಗಳನ್ನು ಬರೆಯುವ ಪದ್ಧತಿಯೇ ಅಂಥ ಸಂಗ್ರಹಗಳ ಪ್ರಾಣ. ಹೀಗೆ ಸಂಗ್ರಹಕ್ಕಾಗಿ ಕೊಂದ ಹಕ್ಕಿಗಳೆಷ್ಟೆಂದು ನೆನೆದರೆ ಮನಸ್ಸು ನೋಯುತ್ತದೆ. ಆದರೂ ಟೋಪಿಯ ವ್ಯಾಪಾರಿಗೂ ಈ ಅಭ್ಯಾಸಿಗೂ ನಡುವಣ ಅಂತರವು ಆ ಚೀಟಿಯಷ್ಟೇ ದೊಡ್ಡದು, ಚಿಕ್ಕದೇನಲ್ಲ.

ಅಂಥ ಚೀಟಿಯ ಅಗತ್ಯ ಇಂದು ರಾಯಚೂರು ಜಿಲ್ಲೆಗೂ ಉಂಟು. ತುಂಗಭದ್ರೆಯ ಎಡದಂಡೆ ನಾಲೆಯ ನೀರು ಬಂದ ಮೇಲೆ ಸಿಂಧನೂರಿನ ಎರೆಹೊಲಗಳಲ್ಲಿ ಜೋಳಹತ್ತಿಗಳ ಸ್ಥಾನವನ್ನು ಬಹುಮಟ್ಟಿಗೆ ಭತ್ತವು ಆಕ್ರಮಿಸಿತು. ಒಣನೆಲದ ಹಕ್ಕಿಗಳಲ್ಲಿ ಯಾವುವು ಸರಿದುವು, ಕೆಸರಿನ ಹಕ್ಕಿಗಳಲ್ಲಿ ಯಾವುವು ಬಂದುವು ಎಂಬುದಕ್ಕೆ ಊರೂರಿನ ಬರಹ ಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ: 1972ರ ವನ್ಯಜೀವಿ ಸಂರಕ್ಷಣಾ ಕಾನೂನಿರುವುದರಿಂದ ಬಿದ್ದ ಗರಿಯನ್ನು ಅಲ್ಲಿಯೇ ಬಿಡಿರಿ, ಅದರ ಉದ್ದ, ಬಣ್ಣ, ಸಿಕ್ಕಿದ ಹೊಲ, ದಿನಾಂಕ ಹಾಗೂ ಆ ಹಕ್ಕಿಯನ್ನು ಊರಿನ ಹಿರಿಯರು ಕರೆಯುವ ಹೆಸರು, ಇಷ್ಟನ್ನು ಮಕ್ಕಳ ಕೈಯಿಂದ ಬರೆಯಿಸಿ ಶಾಲೆಯಲ್ಲಿಡಿರಿ.