ಮುಳುಗಿದ ಹಡಗು ಮತ್ತೆ ಮಣೆಗೆ ಬಂದಾಗ

ರಾಯಚೂರು ಜಿಲ್ಲೆಯ ಪೋತ್ನಾಳಕ್ಕೂ ಸಮುದ್ರಕ್ಕೂ ಬಹು ದೂರ. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಕಂಡ ಯುದ್ಧಗಳು ನೆಲದ ಮೇಲಿನವು. 1520ರ ಮೇ ತಿಂಗಳಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೂ ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಎದುರಾದಾಗ ಎರಡು ದಂಡುಗಳೂ ಒಂದನ್ನೊಂದು ಕಣ್ಣಾರೆ ಕಾಣುತ್ತಿದ್ದವು. ಆದಿಲ್ ಶಾಹನ ಫಿರಂಗಿಗಳ ಹೊಡೆತಕ್ಕೆ ತನ್ನ ಮುಂಪಡೆ ಚದುರಿದ್ದನ್ನು ರಾಯ ಕಂಡ. ಉಳಿದ ಪಡೆಯನ್ನು ಹುರಿದುಂಬಿಸಿ ಮುನ್ನುಗ್ಗಿಸಿದ. ಕೃಷ್ಣೆಗೆ ಬೆನ್ನು ಕೊಟ್ಟು ನಿಂತಿದ್ದ ಶತ್ರುಸೇನೆ ಹೊಳೆಯ ಪಾಲಾಯಿತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಈ ಕಾಳಗದ ವಿವರವನ್ನು ಬರೆದಿಟ್ಟಿದ್ದಾನೆ.

ಇಂಥ ಯುದ್ಧವನ್ನು ಮಣೆಯ ಮೇಲೆ ಆಡಿ ತೋರಿಸುವುದು ಕಷ್ಟವಲ್ಲ. ಚದುರಂಗ ಎಂಬ ಹೆಸರೇ ನಾಲ್ಕು ಅಂಗಗಳ ಸೇನೆಯನ್ನು ಸೂಚಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಚದುರಂಗದ ವಿವರಣೆಯೂ ಇದೆ. ಹಂಪಿಯ ಕಲ್ಲು ಹಾಸುಗಳ ಮೇಲೆ ಯಾರೋ ಬಿಡುವಿನಲ್ಲಿ ಕೊರೆದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಚದುರಂಗವಿರಲಿ, ಹುಲಿ–ಕುರಿ ಆಟವಿರಲಿ, ಒಂದು ಮಾತು ಸಮಾನ: ಎದುರಾಳಿಯ ಕಾಯಿಗಳೆಲ್ಲ ಕಣ್ಣ ಮುಂದೆಯೇ ಇರುತ್ತವೆ. ಅವನ ಮನಸ್ಸಿನಲ್ಲಿ ಏನಿದೆ ಎಂಬುದಷ್ಟೇ ತಿಳಿಯದು.

ಎದುರಾಳಿಯ ಕಾಯಿಗಳೇ ಕಾಣದಿದ್ದರೆ? ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಮೇಲೆ ನಡೆದ ವಿಮಾನವಾಹಕ ನೌಕೆಗಳ ಕಾಳಗಗಳು ಅಂಥವು. ಆ ಕಾಳಗಗಳನ್ನು ಆಟವಾಗಿ ಆಡಿ ನೋಡಿದವರ ಕಥೆ, ಕಾಳಗದಷ್ಟೇ ಕುತೂಹಲಕರವಾದದ್ದು.

ತೆರೆಯ ಹಿಂದಿನ ಕಾಯಿಗಳು

ಚದುರಂಗವನ್ನು ಯುದ್ಧದ ಅಭ್ಯಾಸವಾಗಿ ಮಾರ್ಪಡಿಸಿದವರು ಜರ್ಮನರು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ಸಿದ್ಧಪಡಿಸಿದ ಆಟದಲ್ಲಿ ಚೌಕಗಳ ಬದಲು ನಿಜವಾದ ಭೂಪಟವಿತ್ತು. ಇಬ್ಬರು ಆಟಗಾರರ ನಡುವೆ ತೀರ್ಪುಗಾರನೊಬ್ಬನಿದ್ದ. ಯಾರ ಕಣ್ಣಿಗೆ ಏನು ಬೀಳಬಹುದೋ ಅಷ್ಟನ್ನು ಮಾತ್ರ ಅವನು ಅವರಿಗೆ ಹೇಳುತ್ತಿದ್ದ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ನಿರ್ಧರಿಸುತ್ತಿದ್ದ. ಮುಂದೆ ಅನೇಕ ದೇಶಗಳ ಸೇನೆಗಳೂ ನೌಕಾಪಡೆಗಳೂ ಈ ಪದ್ಧತಿಯನ್ನು ಕಲಿತವು.

ವಿಮಾನವಾಹಕ ನೌಕೆ ಬಂದ ಮೇಲೆ ಈ ಮರೆ ಇನ್ನಷ್ಟು ದಟ್ಟವಾಯಿತು. 1942ರ ಮೇ ತಿಂಗಳಲ್ಲಿ ನಡೆದ ಕೋರಲ್ ಸಮುದ್ರದ ಕಾಳಗದಲ್ಲಿ ಎರಡೂ ಕಡೆಯ ಹಡಗುಗಳು ಒಮ್ಮೆಯೂ ಒಂದನ್ನೊಂದು ನೋಡಲಿಲ್ಲ. ನೌಕಾಯುದ್ಧದ ಇತಿಹಾಸದಲ್ಲಿ ಅದೇ ಮೊದಲು. ನೂರಾರು ಮೈಲಿ ಆಚೆಗಿದ್ದ ಶತ್ರುವನ್ನು ಹುಡುಕಿದ್ದೂ ಹೊಡೆದದ್ದೂ ವಿಮಾನಗಳೇ.

ಅಮೆರಿಕದ ಅವಲಾನ್ ಹಿಲ್ ಕಂಪನಿ 1964ರಲ್ಲಿ ‘ಮಿಡ್‌ವೇ’ ಎಂಬ ಮೇಜಿನ ಆಟವನ್ನು ಹೊರತಂದಿತು. ಮುಂದೆ ಇಂಥ ಆಟಗಳು ಕಂಪ್ಯೂಟರಿಗೂ ಬಂದವು. ಇವುಗಳ ತಿರುಳು ಒಂದೇ. ಶತ್ರುವಿನ ಹಡಗುಗಳು ನಿಮಗೆ ಕಾಣವು. ಬೇಹಿನ ವಿಮಾನಗಳನ್ನು ಕಳಿಸಬೇಕು. ಹೆಚ್ಚು ಕಳಿಸಿದರೆ ದಾಳಿಗೆ ವಿಮಾನ ಸಾಲದು. ಕಡಿಮೆ ಕಳಿಸಿದರೆ ಶತ್ರು ಸಿಗಲಾರ. ಉಳಿದ ವಿಮಾನಗಳಿಗೆ ಹಡಗು ಒಡೆಯುವ ಟಾರ್ಪಿಡೊ ಕಟ್ಟಬೇಕೋ, ನೆಲದ ಗುರಿಗಳ ಮೇಲೆ ಹಾಕುವ ಬಾಂಬು ಕಟ್ಟಬೇಕೋ? ಒಮ್ಮೆ ಕಟ್ಟಿದ್ದನ್ನು ಬದಲಿಸಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಹಡಗಿನ ತುಂಬ ಪೆಟ್ರೋಲು, ಬಾಂಬು. ಒಂದು ಕಿಡಿ ಸಾಕು. ವಿಮಾನವಾಹಕದ ಹೊಡೆತ ಎಷ್ಟು ಭಯಂಕರವೋ ಅದರ ಮೈ ಅಷ್ಟೇ ನಾಜೂಕು. ಮೊದಲು ಕಂಡವನು ಮೊದಲು ಹೊಡೆಯುತ್ತಾನೆ. ಮೊದಲು ಹೊಡೆದವನು ಸಾಮಾನ್ಯವಾಗಿ ಉಳಿಯುತ್ತಾನೆ.

‘ಯಾಮಾಟೊ’ ಹಡಗಿನ ಮೇಲಿನ ಆಟ

ಈ ಆಟವನ್ನು ನಿಜವಾದ ದಂಡನಾಯಕರೇ, ನಿಜವಾದ ಯುದ್ಧಕ್ಕೆ ಒಂದು ತಿಂಗಳು ಮುಂಚೆ ಆಡಿದ್ದರು. 1942ರ ಮೇ ತಿಂಗಳ ಮೊದಲ ವಾರ. ಜಪಾನಿನ ನೌಕಾಪಡೆಯ ಮಹಾದಂಡನಾಯಕ ಯಾಮಾಮೊಟೊನ ‘ಯಾಮಾಟೊ’ ಯುದ್ಧನೌಕೆಯ ಮೇಲೆ ಅಧಿಕಾರಿಗಳು ನೆರೆದಿದ್ದರು. ಪೆಸಿಫಿಕ್ಕಿನ ನಡುವಿನ ಪುಟ್ಟ ಮಿಡ್‌ವೇ ದ್ವೀಪವನ್ನು ಹಿಡಿಯುವ ಹೂಟವನ್ನು ಭೂಪಟದ ಮೇಲೆ ಆಡಿ ನೋಡಬೇಕಿತ್ತು. ಮುಖ್ಯ ತೀರ್ಪುಗಾರ ಯಾಮಾಮೊಟೊನ ಸಿಬ್ಬಂದಿ ಮುಖ್ಯಸ್ಥ ಉಗಾಕಿ.

ಜಪಾನೀಯರು ಆಗ ಗೆಲುವಿನ ಅಮಲಿನಲ್ಲಿದ್ದರು. ಅದಕ್ಕೆ ಹಿಂದಿನ ತಿಂಗಳಷ್ಟೇ ಅವರ ಸೇನಾನಿ ನಗುಮೊ ಐದು ವಿಮಾನವಾಹಕಗಳೊಂದಿಗೆ ಹಿಂದೂ ಮಹಾಸಾಗರಕ್ಕೆ ನುಗ್ಗಿ ಕೊಲಂಬೊ, ಟ್ರಿಂಕೋಮಲಿಗಳ ಮೇಲೆ ದಾಳಿ ಮಾಡಿ, ಬ್ರಿಟಿಷರ ‘ಹರ್ಮಿಸ್’ ವಿಮಾನವಾಹಕವನ್ನು ಮುಳುಗಿಸಿದ್ದ. ಏಪ್ರಿಲ್ 6ರಂದು ಮತ್ತೊಂದು ಜಪಾನಿ ಪಡೆಯ ವಿಮಾನಗಳು ನಮ್ಮ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಹಾಕಿದ್ದವು.

ಭೂಪಟದ ಮೇಲೆ ಜಪಾನಿನ ವಿಮಾನಗಳು ಮಿಡ್‌ವೇ ಕಡೆ ಹೊರಟವು. ಅದೇ ಹೊತ್ತಿಗೆ ಆ ದ್ವೀಪದಿಂದ ಹಾರಿದ ಅಮೆರಿಕನ್ ಬಾಂಬರುಗಳು ಜಪಾನಿನ ವಿಮಾನವಾಹಕಗಳ ಮೇಲೆ ಎರಗಿದವು. ತೀರ್ಪುಗಾರರಲ್ಲಿ ಒಬ್ಬನಾಗಿದ್ದ ಒಕುಮಿಯಾ ದಾಳ ಉರುಳಿಸಿದ. ಒಂಬತ್ತು ಬಾಂಬುಗಳು ತಗುಲಿದವೆಂದು ಬಂತು. ‘ಅಕಾಗಿ’, ‘ಕಾಗಾ’ ಎರಡೂ ಮುಳುಗಿದವೆಂದು ಬರೆದುಕೊಂಡ. ಉಗಾಕಿ ತಡೆದ. ಮೂರು ಬಾಂಬುಗಳಷ್ಟೇ ತಗುಲಿದ್ದು ಎಂದು ತೀರ್ಪು ತಿದ್ದಿದ. ‘ಕಾಗಾ’ ಮುಳುಗಿತು, ‘ಅಕಾಗಿ’ಗೆ ಅಲ್ಪಸ್ವಲ್ಪ ಪೆಟ್ಟು. ಅಷ್ಟಕ್ಕೇ ಮುಗಿಯಲಿಲ್ಲ. ಫಿಜಿ, ನ್ಯೂ ಕ್ಯಾಲಡೋನಿಯಗಳ ಮೇಲಿನ ದಾಳಿಯನ್ನು ಆಡುವ ಮುಂದಿನ ಹಂತದಲ್ಲಿ, ಮುಳುಗಿದ್ದ ‘ಕಾಗಾ’ ಮತ್ತೆ ಮಣೆಗೆ ಬಂದು ಯುದ್ಧ ಮಾಡಿತು!

ಯುದ್ಧ ಮುಗಿದ ಮೇಲೆ ಒಕುಮಿಯಾ ಮತ್ತು ‘ಅಕಾಗಿ’ಯ ವೈಮಾನಿಕ ದಳಪತಿ ಫುಚಿಡಾ ಕೂಡಿ ಬರೆದ ಪುಸ್ತಕದಿಂದ ಈ ಪ್ರಸಂಗ ಲೋಕಕ್ಕೆ ತಿಳಿಯಿತು.

ಜೂನ್ 4ರ ಬೆಳಿಗ್ಗೆ

1942ರ ಜೂನ್ 4. ನಸುಕಿನ ನಾಲ್ಕೂವರೆಗೆ ನಗುಮೊ ನಾಲ್ಕು ವಿಮಾನವಾಹಕಗಳಿಂದ 108 ವಿಮಾನಗಳನ್ನು ಮಿಡ್‌ವೇ ಮೇಲೆ ಕಳಿಸಿದ. ಹಡಗುಗಳು ಕಂಡರೆ ಇರಲಿ ಎಂದು ಉಳಿದ ವಿಮಾನಗಳನ್ನು ಕಾದಿರಿಸಿದ. ಬೇಹಿಗೆ ಹೊರಟದ್ದು ಏಳೇ ವಿಮಾನ. ಅವುಗಳಲ್ಲೊಂದು ಅರ್ಧ ಗಂಟೆ ತಡವಾಗಿ ಹಾರಿತು.

ಅಮೆರಿಕನ್ನರ ಮೂರು ವಿಮಾನವಾಹಕಗಳು ಆಗಲೇ ಹೊಂಚು ಹಾಕಿ ಕಾದಿದ್ದವು. ಜಪಾನಿನ ಗುಪ್ತಲಿಪಿಯನ್ನು ಅವರು ಬಿಡಿಸಿದ್ದರು. ಕೋರಲ್ ಸಮುದ್ರದಲ್ಲಿ ಪೆಟ್ಟು ತಿಂದು, ಜಪಾನೀಯರ ಲೆಕ್ಕದಲ್ಲಿ ಮುಳುಗಿಹೋಗಿದ್ದ ‘ಯಾರ್ಕ್‌ಟೌನ್’ ಮೂರೇ ದಿನಗಳ ದುರಸ್ತಿಯ ನಂತರ ಅಲ್ಲಿತ್ತು.

ಮಿಡ್‌ವೇಗೆ ಇನ್ನೊಂದು ಏಟು ಬೇಕೆಂಬ ಸುದ್ದಿ ಬಂದಾಗ ನಗುಮೊ ಕಾದಿರಿಸಿದ್ದ ವಿಮಾನಗಳಿಗೆ ನೆಲದ ಬಾಂಬು ಕಟ್ಟಲು ಆಜ್ಞೆಯಿತ್ತ. ಸ್ವಲ್ಪ ಹೊತ್ತಿನಲ್ಲೇ ಬೇಹಿನವನು ಹಡಗುಗಳನ್ನು ಕಂಡಿರುವುದಾಗಿ ತಿಳಿಸಿದ. ಅವುಗಳಲ್ಲಿ ವಿಮಾನವಾಹಕವೂ ಇರುವಂತಿದೆ ಎಂದು ಹೇಳುವ ವೇಳೆಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಮತ್ತೆ ಆಜ್ಞೆ ಬದಲು. ಮಿಡ್‌ವೇಯಿಂದ ಮರಳಿದ ವಿಮಾನಗಳನ್ನು ಇಳಿಸಿಕೊಳ್ಳಬೇಕು, ದಾಳಿಯ ಮೇಲೆ ದಾಳಿಯನ್ನು ತಡೆಯಬೇಕು. ಅಮೆರಿಕದ ‘ಹಾರ್ನೆಟ್’ ನೌಕೆಯಿಂದ ಬಂದ ಹದಿನೈದು ಟಾರ್ಪಿಡೊ ವಿಮಾನಗಳು ಹದಿನೈದೂ ಉರುಳಿದವು. ಮೂವತ್ತು ಜನರಲ್ಲಿ ಬದುಕಿ ಉಳಿದವನು ಒಬ್ಬನೇ.

ಹತ್ತು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಎತ್ತರದಿಂದ ಎರಗಿದ ಬಾಂಬರುಗಳು ‘ಅಕಾಗಿ’, ‘ಕಾಗಾ’, ‘ಸೊರ್ಯು’ಗಳನ್ನು ಕೆಲವೇ ನಿಮಿಷಗಳಲ್ಲಿ ಬೆಂಕಿಯ ಕೊಂಡ ಮಾಡಿದವು. ನಾಲ್ಕನೆಯ ‘ಹಿರ್ಯು’ ತಿರುಗೇಟು ಕೊಟ್ಟು ‘ಯಾರ್ಕ್‌ಟೌನ್’ ಅನ್ನು ನಿಷ್ಕ್ರಿಯಗೊಳಿಸಿ, ಸಂಜೆ ತಾನೂ ಉರಿಯಿತು. ಜಪಾನಿನ ಕಡೆ ಮೂರು ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತರು. ಅಮೆರಿಕದ ಕಡೆ ಮುನ್ನೂರಕ್ಕೂ ಹೆಚ್ಚು.

ದಾಳ ತಪ್ಪು, ಪ್ರಶ್ನೆ ಸರಿ

ದಾಳ ಹೇಳಿದ ಭವಿಷ್ಯವನ್ನು ಉಗಾಕಿ ಕೇಳಲಿಲ್ಲ, ಅದಕ್ಕೇ ಜಪಾನ್ ಸೋತಿತು ಎಂದು ಈ ಕಥೆಯನ್ನು ಹೇಳುವುದು ವಾಡಿಕೆ. ಆದರೆ ಕಥೆ ಅಷ್ಟು ಸರಳವಲ್ಲ. ಮಿಡ್‌ವೇ ದ್ವೀಪದಿಂದ ಹಾರಿದ ವಿಮಾನಗಳ ಒಂದು ಬಾಂಬೂ ಅಂದು ಬೆಳಿಗ್ಗೆ ಜಪಾನಿನ ವಿಮಾನವಾಹಕಗಳಿಗೆ ತಗುಲಲಿಲ್ಲ. ಆ ಮಟ್ಟಿಗೆ ‘ಒಂಬತ್ತು’ ಅತಿಯಾಯಿತೆಂದ ಉಗಾಕಿಯ ಅಂದಾಜೇ ಸರಿ.

ತಪ್ಪಿದ್ದು ಬೇರೆ ಕಡೆ. ದಾಳ ಒಂದು ಪ್ರಶ್ನೆ ಎತ್ತಿತ್ತು: ನಮ್ಮ ವಿಮಾನಗಳು ದ್ವೀಪದ ಮೇಲಿದ್ದಾಗ ಶತ್ರು ನಮ್ಮ ಹಡಗುಗಳನ್ನು ಕಂಡುಬಿಟ್ಟರೆ ಏನು ಗತಿ? ಇದು ಕೇವಲ ಊಹೆಯೂ ಅಲ್ಲ. ಏಪ್ರಿಲ್ 9ರಂದು ಸಿಂಹಳದಿಂದ ಹಾರಿದ ಒಂಬತ್ತು ಬ್ರಿಟಿಷ್ ಬಾಂಬರುಗಳು ಯಾರ ಕಣ್ಣಿಗೂ ಬೀಳದೆ ‘ಅಕಾಗಿ’ಯ ಮೇಲೆ ಬಂದು ಬಾಂಬು ಸುರಿಸಿದ್ದವು. ಅವು ಪಕ್ಕದ ನೀರಿಗೆ ಬಿದ್ದದ್ದರಿಂದ ಹಡಗು ಉಳಿಯಿತು, ಅಷ್ಟೆ. ಕಡಲೂ ಮಣೆಯೂ ಒಂದೇ ಪ್ರಶ್ನೆಯನ್ನು ಕೇಳಿದ್ದವು. ಅದಕ್ಕೆ ಉತ್ತರ ಹುಡುಕುವ ಬದಲು ಅಂಕಿಯನ್ನು ತಿದ್ದಿ ಆಟ ಮುಂದುವರಿಸಿದರು. ಜೂನ್ 4ರಂದು ಹೊರಟ ಬೇಹಿನ ವಿಮಾನಗಳು ಏಳೇ ಆಗಿದ್ದವೆಂಬುದರಲ್ಲಿ ಈ ಉಪೇಕ್ಷೆಯ ಗುರುತಿದೆ.

ಇದೇ ಜಪಾನೀಯರು ಆಟದ ಮಾತು ಕೇಳಿದ್ದೂ ಉಂಟು. 1941ರ ಸೆಪ್ಟೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ಟೋಕಿಯೊದಲ್ಲಿ ಮೊದಲ ಸಲ ಆಡಿದಾಗ ದಾಳಿಕಾರರು ಮುಂಚೆಯೇ ಶತ್ರುವಿನ ಕಣ್ಣಿಗೆ ಬಿದ್ದು ಭಾರಿ ನಷ್ಟ ತಿಂದರು. ಎರಡನೆಯ ಸಲ ಉತ್ತರದ ದಾರಿಯಿಂದ ಬಂದರು. ಡಿಸೆಂಬರಿನಲ್ಲಿ ನಿಜವಾದ ದಾಳಿ ಬಂದದ್ದೂ ಉತ್ತರದಿಂದಲೇ. ಅಮೆರಿಕದ ನ್ಯೂಪೋರ್ಟಿನ ನೌಕಾ ಯುದ್ಧ ಕಾಲೇಜಿನಲ್ಲಿ ಎರಡು ಮಹಾಯುದ್ಧಗಳ ನಡುವೆ ಮುನ್ನೂರಕ್ಕೂ ಹೆಚ್ಚು ಆಟಗಳನ್ನು ಆಡಿದರು. ಆತ್ಮಾಹುತಿ ವಿಮಾನಗಳನ್ನು ಬಿಟ್ಟರೆ ಯುದ್ಧದಲ್ಲಿ ತಮಗೆ ಅನಿರೀಕ್ಷಿತವಾದದ್ದು ಏನೂ ಇರಲಿಲ್ಲವೆಂದು ಪೆಸಿಫಿಕ್ ನೌಕಾಪಡೆಯ ದಂಡನಾಯಕ ನಿಮಿಟ್ಜ್ ಮುಂದೆ ನೆನೆದ.

ನಮ್ಮ ಕಡಲಿನಲ್ಲಿ

ಈ ಕಣ್ಣುಮುಚ್ಚಾಲೆ ನಮಗೂ ಹೊಸದಲ್ಲ. 1971ರ ಯುದ್ಧಕ್ಕೆ ಮುಂಚೆ ನಮ್ಮ ‘ವಿಕ್ರಾಂತ್’ ನೌಕೆಯನ್ನು ಹುಡುಕಿ ಮುಳುಗಿಸಲು ಪಾಕಿಸ್ತಾನದ ‘ಗಾಜಿ’ ಜಲಾಂತರ್ಗಾಮಿ ಬಂಗಾಳ ಕೊಲ್ಲಿಗೆ ಬಂದಿತ್ತು. ‘ವಿಕ್ರಾಂತ್’ ಅಂಡಮಾನಿನಲ್ಲಿ ಅಡಗಿತ್ತು. ‘ರಾಜಪೂತ್’ ಎಂಬ ಚಿಕ್ಕ ಹಡಗು ವಿಶಾಖಪಟ್ಟಣದ ಬಳಿ ತಾನೇ ‘ವಿಕ್ರಾಂತ್’ ಎಂಬಂತೆ ರೇಡಿಯೊ ಸಂದೇಶಗಳನ್ನು ಹೊರಡಿಸುತ್ತಿತ್ತು. ‘ಗಾಜಿ’ ಅಲ್ಲಿಗೇ ಬಂದು ಡಿಸೆಂಬರ್ 3–4ರ ರಾತ್ರಿ ಸಮುದ್ರದ ತಳ ಸೇರಿತು. ಇಂದು ನಮ್ಮದೇ ರಾಜ್ಯದ ಕಾರವಾರದ ಕದಂಬ ನೌಕಾನೆಲೆಯಲ್ಲಿ ವಿಮಾನವಾಹಕ ನೌಕೆಗಳು ತಂಗುತ್ತವೆ. ಸಮುದ್ರ ಕಾಣದ ಎಡೆದೊರೆಯ ಮನೆಯಿಂದ ಸೇನೆಗೆ ಸೇರಿದ ಹುಡುಗನೂ ಅಂಥ ಹಡಗಿನ ಮೇಲಿರಬಹುದು. ಅದು ಸುರಕ್ಷಿತವಾಗಿರುವುದು ಉಕ್ಕಿನ ದಪ್ಪದಿಂದ ಮಾತ್ರವಲ್ಲ. ಬೇಡದ ಗರ ಬಿದ್ದಾಗ ಅದನ್ನು ಅಳಿಸದೆ, ಯಾಕೆ ಹೀಗಾಯಿತು ಎಂದು ಕೇಳುವ ಅಧಿಕಾರಿಗಳಿಂದ ಕೂಡ.

ಹುಲಿ–ಕುರಿ ಆಟದ ಮಟ್ಟಿಗೆ ಈ ಪಾಠ ಮಕ್ಕಳಿಗೂ ಗೊತ್ತು. ಹುಲಿ ತಿಂದ ಕುರಿ ಮತ್ತೆ ಮಣೆಗೆ ಬರುವುದಿಲ್ಲ. ತಂದಿಟ್ಟರೆ ಎದುರಿನವನು ಆಟ ಬಿಟ್ಟು ಏಳುತ್ತಾನೆ. ‘ಯಾಮಾಟೊ’ ಹಡಗಿನ ಮೇಲೆ ಅಂದು ಯಾರೂ ಎದ್ದು ಹೋಗಲಿಲ್ಲ. ‘ಕಾಗಾ’ ಮಣೆಗೆ ಮರಳಿತು. ಒಂದು ತಿಂಗಳ ನಂತರ ಸಮುದ್ರದಲ್ಲಿ ಮುಳುಗಿದಾಗ ಮಾತ್ರ ಮರಳಲಿಲ್ಲ.